ಗೆಜ್ಜಲಗೆರೆಯಲ್ಲಿ ನಾಗವಲ್ಲಿ

ದೆವ್ವ ಇಲ್ಲ ಎಂದು ತೋರಿಸಲು ಒಂದು ಸಿನಿಮಾ ತೆಗೆದರು. ನೋಡಿದವರು ದೆವ್ವ ಐತೆ ಅಂತ ಎದ್ದು ಬಂದರು. 'ಆಪ್ತಮಿತ್ರ' ಚಿತ್ರದ ಬಗ್ಗೆ ನಮ್ಮ ವಿಚಾರವಾದಿ ಗೆಳೆಯರು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿರುವ ದೂರು ಇದು. ಜನ ದಡ್ಡರು, ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಈ ದೂರಿನ ಒಳಗೆ ಅಡಗಿರುವ ಮಾತು. ಆ ಮಾತನ್ನು ನಾವು ಒಪ್ಪುವುದಿಲ್ಲ. ಜನ ಸರಿಯಾಗಿಯೇ ಕೇಳಿಸಿಕೊಂಡರು. ಕೇಳಿಸಿಕೊಂಡದ್ದರಲ್ಲಿ ತಮ್ಮ ಬದುಕಿಗೆ ತಾಳೆಯಾಗದ್ದನ್ನು ಅಲ್ಲೇ ಬಿಟ್ಟು ಬಂದರು. ಏನನ್ನು ಹಿಡಿದರು, ಏನನ್ನು ಬಿಟ್ಟರು, ಯಾಕೆ ಬಿಟ್ಟರು ಅನ್ನೋದನ್ನು ನೋಡುವುದು ವಿಮರ್ಶೆಯ ಕೆಲಸ. ನಟನೆಗೆ ಇಷ್ಟು, ಸಂಗೀತಕ್ಕೆ ಇಷ್ಟು ಎಂದು ಅಂಕ ಹಾಕುವವರಿಗೆ ಆ ಕೆಲಸ ಬೇಕಾಗಿಲ್ಲ.

ಕತೆ ಎಲ್ಲರಿಗೂ ಗೊತ್ತು. ಮರೆತವರಿಗಾಗಿ ನಾಲ್ಕು ಸಾಲು. ಮೈಸೂರಿನ ಒಂದು ಹಳೇ ಅರಮನೆಗೆ ರಮೇಶ, ಗಂಗಾ ಎಂಬ ಗಂಡ ಹೆಂಡತಿ ವಾಸಕ್ಕೆ ಬರುತ್ತಾರೆ. ಬೀಗ ಹಾಕಿದ ಒಂದು ಕೋಣೆ ಇರುತ್ತದೆ. ಅದರಲ್ಲಿ ನಾಗವಲ್ಲಿ ಎಂಬ ನರ್ತಕಿಯ ಕತೆ ಇರುತ್ತದೆ. ಹಿಂದೊಬ್ಬ ರಾಜ ಆಕೆಯನ್ನು ಅರಮನೆಗೆ ತಂದು ಇಟ್ಟುಕೊಂಡಿದ್ದ. ಆಕೆ ಬೇರೊಬ್ಬನನ್ನು ಪ್ರೀತಿಸಿದಳು. ರಾಜನ ಸಿಟ್ಟಿಗೆ ಇಬ್ಬರೂ ಬಲಿಯಾದರು. ಗಂಗಾ ಆ ಕೋಣೆಯ ಬಾಗಿಲು ತೆರೆಸುತ್ತಾಳೆ, ಆ ಕತೆಯೊಳಗೆ ಮುಳುಗುತ್ತಾಳೆ, ಕೊನೆಗೆ ತಾನೇ ನಾಗವಲ್ಲಿಯಾಗುತ್ತಾಳೆ. ರಮೇಶನ ಗೆಳೆಯ ವಿಜಯ್ ಮನೋವೈದ್ಯ. ಇದು ದೆವ್ವವಲ್ಲ, ಒಂದೇ ದೇಹದಲ್ಲಿ ಎರಡು ವ್ಯಕ್ತಿತ್ವ ಬೆಳೆಯುವ ಖಾಯಿಲೆ ಎಂದು ಕಂಡುಹಿಡಿದು ಗುಣ ಮಾಡುತ್ತಾನೆ. ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ನಟಿಸಿದ್ದ, ದ್ವಾರಕೀಶ್ ನಿರ್ಮಿಸಿ ಪಿ. ವಾಸು ನಿರ್ದೇಶಿಸಿದ್ದ ಈ ಚಿತ್ರ 2004ರ ಆಗಸ್ಟ್ 27ರಂದು ತೆರೆಗೆ ಬಂತು. ಮೂಲ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಆಮೇಲೆ 2005ರಲ್ಲಿ ತಮಿಳಿನಲ್ಲಿ 'ಚಂದ್ರಮುಖಿ'ಯಾಗಿ, 2007ರಲ್ಲಿ ಹಿಂದಿಯಲ್ಲಿ 'ಭೂಲ್ ಭುಲಯ್ಯಾ' ಆಗಿ ಇದೇ ಹೆಣ್ಣು ಇದೇ ಕೋಣೆಯಲ್ಲಿ ಕುಣಿದಳು.

ಮಂಡ್ಯ ಮದ್ದೂರುಗಳ ನಡುವೆ ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೆಜ್ಜಲಗೆರೆ ಗೊತ್ತಿರುತ್ತದೆ. ಮಂಡ್ಯ ಹಾಲು ಒಕ್ಕೂಟದ ಡೇರಿ ಅಲ್ಲೇ ಇದೆ. ಬೆಂಗಳೂರು-ಮೈಸೂರು ದಶಪಥವನ್ನು 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟಿಸಿದ್ದೂ ಇದೇ ಗೆಜ್ಜಲಗೆರೆಯ ಬಳಿ. ಊರಿನ ಹೆಸರಲ್ಲೇ ಗೆಜ್ಜೆ ಇದೆ. ಆ ಹೆಸರು ಹೇಗೆ ಬಂತೆಂಬ ಸ್ಥಳಪುರಾಣದ ಗೊಡವೆ ನಮಗೆ ಬೇಡ. ಆದರೆ ಸಿನಿಮಾ ಬಂದ ಹೊಸತರಲ್ಲಿ ಈ ಕಡೆಯ ಹುಡುಗರು ಮದ್ದೂರಿನ ಬಸ್ ಸ್ಟಾಂಡಿನಲ್ಲಿ ನಿಂತರೆ, "ಏನ್ರಲಾ, ರಾತ್ರಿ ನಿಮ್ಮೂರಲ್ಲಿ ಗೆಜ್ಜೆ ಸದ್ದು ಕೇಳಿಸ್ತದಂತಲ್ಲ" ಎಂದು ರೇಗಿಸುತ್ತಿದ್ದರಂತೆ. ಟೀವಿಯಲ್ಲಿ ಈ ಚಿತ್ರ ಎಷ್ಟು ಸಲ ಬಂತೋ ಲೆಕ್ಕವಿಟ್ಟವರಿಲ್ಲ. ಬಂದಾಗಲೆಲ್ಲ ನೋಡಿದವರಿದ್ದಾರೆ. ಇವರನ್ನು ನಾವು, ನಮ್ಮ ಬಳಗದ ಕೆಲವರು, ಕೇರಿಯ ಜಗಲಿಗಳಲ್ಲಿ, ಶಾಲೆಯ ಕೋಣೆಯಲ್ಲಿ, ಟೀ ಅಂಗಡಿಯಲ್ಲಿ ಕೂತು ಮಾತಾಡಿಸಿದೆವು. ಪೆನ್ನು ಕಾಗದ ಹಿಡಿದು ಹೋಗಿರಲಿಲ್ಲ, ಹಿಡಿದು ಹೋಗಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮೊದಲಿಗೆ ಕಂಡದ್ದು ಇದು. ಚಿತ್ರದ ನಾಯಕ ಯಾರು ಎಂದು ಕೇಳಿದರೆ ವಿಷ್ಣುವರ್ಧನ್ ಎನ್ನುತ್ತಾರೆ. ಚಿತ್ರ ಯಾರದು ಎಂದರೆ ಒಬ್ಬರೂ ತಡವರಿಸದೆ ನಾಗವಲ್ಲಿಯದು ಎನ್ನುತ್ತಾರೆ. ಗಂಗಾ ಎಂಬ ಹೆಸರು ಬಹಳ ಜನಕ್ಕೆ ನೆನಪೇ ಇಲ್ಲ. ವೈದ್ಯನ ಮಾತಿನ ಪ್ರಕಾರ ಅಲ್ಲಿ ಇರುವುದು ಗಂಗಾ ಒಬ್ಬಳೇ. ನಾಗವಲ್ಲಿ ಅವಳ ಮನಸ್ಸಿನ ಕಲ್ಪನೆ. ನೋಡಿದವರ ಮಟ್ಟಿಗೆ ಇರುವವಳು ನಾಗವಲ್ಲಿ. ಗಂಗಾ ಬರೀ ಅವಳು ಬಂದು ಕೂತ ಮೈ. ವೈದ್ಯನ ತೀರ್ಪನ್ನು ಪ್ರೇಕ್ಷಕರು ಹೀಗೆ ಸದ್ದಿಲ್ಲದೆ ತಿರುಗುಮುರುಗು ಮಾಡಿಬಿಟ್ಟಿದ್ದಾರೆ. ಒಬ್ಬ ಮೇಷ್ಟ್ರು ಏಳನೇ ತರಗತಿಯಲ್ಲಿ ಗಂಗಾಗೆ ಏನಾಗಿತ್ತು ಎಂದು ಬರೆಯಲು ಹೇಳಿದರಂತೆ. ಕೆಲವರು ದೆವ್ವ ಹಿಡಿದಿತ್ತು ಎಂದು ಬರೆದರು, ಕೆಲವರು ಖಾಯಿಲೆ ಎಂದು ಬರೆದರು. ಒಬ್ಬ ಹುಡುಗ 'ದೆವ್ವದ ಖಾಯಿಲೆ' ಎಂದು ಬರೆದನಂತೆ. ಮೇಷ್ಟ್ರಿಗೆ ಅಂಕ ಕೊಡುವುದೋ ಬೇಡವೋ ತಿಳಿಯಲಿಲ್ಲವಂತೆ. ಕೊಡಬೇಕು. ಚಿತ್ರ ಎಷ್ಟು ಮಾತ್ರ ಹೇಳಿದೆಯೋ ಅಷ್ಟನ್ನು ಆ ಹುಡುಗ ಸರಿಯಾಗಿ ಹಿಡಿದಿದ್ದಾನೆ.

ಯಾಕೆಂದರೆ ಚಿತ್ರ ಎರಡು ದೋಣಿಯ ಮೇಲೂ ಕಾಲಿಟ್ಟಿದೆ. ಮನೋವೈದ್ಯ ಒಬ್ಬನೇ ರೋಗ ಗುಣ ಮಾಡುವುದಿಲ್ಲ. ಮಂತ್ರ ಬಲ್ಲ ಆಚಾರ್ಯರು ಬರುತ್ತಾರೆ, ಮಂಡಲ ಹಾಕುತ್ತಾರೆ, ಪೂಜೆ ಕಟ್ಟುತ್ತಾರೆ. ವೈದ್ಯನೂ ಆಚಾರ್ಯರೂ ಒಬ್ಬರಿಗೊಬ್ಬರು ಕೈ ಮುಗಿದು ಕೆಲಸ ಹಂಚಿಕೊಳ್ಳುತ್ತಾರೆ. ವಿಜ್ಞಾನಕ್ಕೂ ಮರ್ಯಾದೆ, ಮಂತ್ರಕ್ಕೂ ಮರ್ಯಾದೆ, ಟಿಕೇಟು ಕೊಂಡ ಯಾರಿಗೂ ಬೇಜಾರಿಲ್ಲ. "ಡಾಕ್ಟ್ರಿಗೆ ಗೊತ್ತಾಯ್ತಲ್ಲ ಸಾರ್, ಮಾತ್ರೆ ಯಾಕೆ ಕೊಡ್ಲಿಲ್ಲ?" ಎಂದು ಪಿಯುಸಿ ಓದುವ ಹುಡುಗಿಯೊಬ್ಬಳು ನಮ್ಮನ್ನು ಕೇಳಿದಳು. ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ಸಿನಿಮಾ ಪಂಡಿತರೂ ಕೇಳಿದ್ದು ನಾವು ಓದಿಲ್ಲ. ಮಾತ್ರೆ ನುಂಗಿ ಗುಣವಾದರೆ ಸಿನಿಮಾ ಎಲ್ಲಿ ಆಗುತ್ತದೆ ಎಂದು ನಕ್ಕುಬಿಡಬಹುದು. ಆದರೆ ಅದೇ ಕೇರಳದವರಾದ, ಶ್ರೀಲಂಕಾದಲ್ಲಿ ನೆಲೆಸಿದ ಅಬ್ರಹಾಂ ಕೋವೂರ್ 1978ರಲ್ಲಿ ತೀರಿಕೊಳ್ಳುವವರೆಗೂ ದೆವ್ವದ ಮನೆಗಳನ್ನು ಹುಡುಕಿಕೊಂಡು ಹೋಗಿ, ಒಳಗಿರುವುದು ಮನುಷ್ಯರ ಕಷ್ಟವೇ ಹೊರತು ಬೇರೇನಲ್ಲ ಎಂದು ತೋರಿಸಿದರು. ಅವರ ದಿನಚರಿಯ ಒಂದು ಪ್ರಕರಣದಿಂದ 1972ರಲ್ಲಿ 'ಪುನರ್ಜನ್ಮಂ' ಎಂಬ ಮಲಯಾಳಂ ಚಿತ್ರವೇ ಬಂತು. ಹಾಗಾಗಿ ಮಂತ್ರದ ಆಸರೆ ಇಲ್ಲದೆ ಇಂಥ ಕತೆ ಹೇಳಲಾಗದು ಎಂಬುದು ಸುಳ್ಳು.

ಇಲ್ಲಿ ನಮ್ಮವರಿಗೂ ಒಂದು ಮಾತು. ಮೈಮೇಲೆ ಬರುವುದನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಗೆರೆ ಎಳೆದು ಹೊಡೆದುಹಾಕುವುದು ಸುಲಭ. ಮಾರಿಹಬ್ಬದಲ್ಲಿ ಮೈಮೇಲೆ ದೇವರು ಬಂದ ಹೆಂಗಸು ಊರಗೌಡನನ್ನು ಏಕವಚನದಲ್ಲಿ ಕರೆದು ಬೈಯುತ್ತಾಳೆ. ಕುಡಿದು ಬಡಿಯುವ ಗಂಡನ ಮಾನ ಎಲ್ಲರೆದುರು ಹರಾಜು ಹಾಕುತ್ತಾಳೆ. ವರ್ಷವೆಲ್ಲ ಬಾಯಿಗೆ ಬೀಗ ಹಾಕಿಕೊಂಡವಳಿಗೆ ಅವತ್ತೊಂದು ದಿನ ಬೀಗ ಕಳಚುತ್ತದೆ. ಗಂಗಾ ನಾಗವಲ್ಲಿಯಾಗಿ ತೆಲುಗು ಮಾತಾಡುವಾಗ ನಮ್ಮ ಹೆಂಗಸರು ಮೈಮರೆತು ನೋಡುವುದು ಹೆದರಿಕೆಯಿಂದ ಮಾತ್ರ ಅಲ್ಲ. ಅಷ್ಟು ಜೋರಾಗಿ ಗಂಡನ ಮುಂದೆ ಕಣ್ಣು ಬಿಡುವ ಹೆಂಡತಿಯನ್ನು ಕನ್ನಡ ಸಿನಿಮಾ ಬೇರೆಲ್ಲಿ ತೋರಿಸಿದೆ? ಇದನ್ನು ತಿಳಿಯದೆ ಭಾಷಣ ಬಿಗಿದರೆ ಆ ಹೆಂಗಸರು ಎದ್ದು ಹೋಗುತ್ತಾರೆ, ಅಷ್ಟೆ.

ಕೇರಿಯ ಒಬ್ಬ ಅಜ್ಜಿಯ ಮಾತನ್ನು ಹಾಗೇ ಕೊಡುತ್ತೇವೆ: "ಅವ್ಳು ಕುಣ್ಯೋಳು ಕನ್ರಪ್ಪ. ಕುಣ್ಯಾಕೆ ಅಂತ ಕರ್ಕಬಂದ, ಆಮೇಕೆ ಕೊಂದ. ಕೊಂದೋನ್ನ ಬುಟ್ಟು ಸತ್ತೋಳ್ಗೆ ಹೆದ್ರುಕತೀರಲ್ಲ, ನಿಮ್ಗೇನ್ ಬಂದಿರದು?"

ಚಿತ್ರ ನೋಡಿದವರ ಹೆದರಿಕೆಯ ಮೇಲೆ ಇದಕ್ಕಿಂತ ಒಳ್ಳೇ ಟೀಕೆ ನಮಗೆ ಸಿಕ್ಕಿಲ್ಲ. ಎರಡು ಕೊಲೆ ಮಾಡಿದ ರಾಜನ ಚಿತ್ರಪಟ ಗೋಡೆಯ ಮೇಲೆ ಗಾಂಭೀರ್ಯದಿಂದ ನಿಂತಿರುತ್ತದೆ. ಅದನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಕೊಲೆಯಾದವಳ ಕಾಲಿನ ಗೆಜ್ಜೆ ಸದ್ದಿಗೆ ಥಿಯೇಟರೇ ನಡುಗುತ್ತದೆ. ನರ್ತಕಿ ಅಂದರೆ ಯಾವ ಕೇರಿಯಿಂದ ಬಂದವಳು, ಯಾರು ಕೊಟ್ಟರು, ಎಷ್ಟಕ್ಕೆ ಕೊಟ್ಟರು ಎಂಬುದನ್ನು ಚಿತ್ರ ಕೇಳುವುದಿಲ್ಲ. ಗೆಜ್ಜೆ ಕಟ್ಟಿಸಿ ದೇವರಿಗೆ, ದೊರೆಗೆ ಬಿಡುವ ಪದ್ಧತಿಯನ್ನು ನಿಲ್ಲಿಸಲು 1982ರಲ್ಲಿ ಕಾನೂನು ಮಾಡಬೇಕಾಗಿ ಬಂದ ನಾಡು ನಮ್ಮದು. ಈ ನಾಡಿನ ಪ್ರೇಕ್ಷಕರಿಗೆ ನಾಗವಲ್ಲಿ ಯಾರೆಂದು ಊಹಿಸುವುದು ಕಷ್ಟವಾಗಬೇಕಿರಲಿಲ್ಲ. ಅಜ್ಜಿಗೆ ಕಷ್ಟವಾಗಲಿಲ್ಲ.

ಮಲಯಾಳಂ ಮೂಲದ ಹಿಂದೆ ತಿರುವಾಂಕೂರು ಸೀಮೆಯ ಮುಟ್ಟಂ ಎಂಬಲ್ಲಿನ ಆಲುಮ್ಮೂಟ್ಟಿಲ್ ಮನೆತನದ ಒಂದು ನಿಜವಾದ ಕೊಲೆಯ ನೆರಳಿದೆ ಎಂಬ ಮಾತು ಕೇರಳದಲ್ಲಿದೆ. ಆಸ್ತಿಯ ಹಕ್ಕಿನ ಜಗಳದಲ್ಲಿ ಮನೆಯ ಯಜಮಾನನ ಜೊತೆಗೆ ಮನೆಯ ಒಂದು ಆಳೂ ಸತ್ತಿತು ಎನ್ನುತ್ತಾರೆ. ಆಸ್ತಿಯ ಕತೆ ಪ್ರೇಮದ ಕತೆಯಾಯಿತು, ಯಜಮಾನ ರಾಜನಾದ. ಆಳಿನ ಗತಿ ಏನಾಯಿತೆಂದು ಮಲಯಾಳಂ, ಕನ್ನಡ, ತಮಿಳು, ಹಿಂದಿ ಯಾವುದರಲ್ಲೂ ಹುಡುಕಬೇಡಿ, ಸಿಗುವುದಿಲ್ಲ.

ಕೊನೆಗೆ ಗಂಗಾಳನ್ನು ಗುಣ ಮಾಡುವ ಬಗೆ ನೋಡಿ. ರಾಜನನ್ನು ಕೊಲ್ಲಬೇಕೆಂಬುದು ನಾಗವಲ್ಲಿಯ ಛಲ. ವೈದ್ಯ ರಾಜನ ವೇಷ ಹಾಕಿ ಮಲಗುತ್ತಾನೆ, ಸಮಯಕ್ಕೆ ಸರಿಯಾಗಿ ಬೊಂಬೆಯೊಂದು ಅವನ ಜಾಗಕ್ಕೆ ಬರುತ್ತದೆ, ಆಕೆ ಬೊಂಬೆಯನ್ನು ಕೊಂದು ತೃಪ್ತಳಾಗಿ ಹೊರಟು ಹೋಗುತ್ತಾಳೆ. ಕೊಲೆಗಾರನಿಗೆ ಏನೂ ಆಗಬಾರದು, ಸಿಟ್ಟು ಮಾತ್ರ ಇಳಿಯಬೇಕು. ಇದು ರಾಜ್ಯಭಾರ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಚಿಕಿತ್ಸೆ. (ಪ್ರತಿಕೃತಿ ಸುಟ್ಟು, ಫೋಟೋ ತೆಗೆಸಿ, ಟೀ ಕುಡಿದು ಮನೆಗೆ ಹೋಗುವ ಚಾಳಿ ನಮ್ಮ ಸಂಘಟನೆಗಳಿಗೂ ಅಂಟಿದೆ, ಅದು ಬೇರೆ ವಿಚಾರ.) ಗೆಜ್ಜಲಗೆರೆಯಲ್ಲಿ ಈ ಕೊನೆಯ ಭಾಗವನ್ನು ಯಾರೂ ಮೆಚ್ಚಿಕೊಂಡು ಹೇಳಲಿಲ್ಲ. ಬೊಂಬೆ ಅಂತ ಅವಳಿಗೆ ಗೊತ್ತಾದರೆ ಮತ್ತೆ ಬರ್ತಾಳೆ ಎಂದವರೇ ಹೆಚ್ಚು. ಇದನ್ನು ಮೌಢ್ಯ ಎಂದು ಬರೆದುಕೊಳ್ಳುವವರು ಬರೆದುಕೊಳ್ಳಲಿ. ನ್ಯಾಯ ಸಿಕ್ಕಿಲ್ಲ ಅನ್ನೋದು ಜನಕ್ಕೆ ಗೊತ್ತಿದೆ ಎಂದು ನಾವು ಓದುತ್ತೇವೆ.

ಆಮೇಲೆ ಆದದ್ದು ಮಾತ್ರ ಬರೀ ಮೌಢ್ಯದ ವ್ಯಾಪಾರ. ಚಿತ್ರ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್ 17ರಂದು, ಸೌಂದರ್ಯ ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಚುನಾವಣೆ ಪ್ರಚಾರಕ್ಕೆ ಹೊರಟಿದ್ದ ಸಣ್ಣ ವಿಮಾನ ಅದು. ಇದರ ಮುಂದಿನ ಭಾಗ 'ಆಪ್ತರಕ್ಷಕ' 2010ರ ಫೆಬ್ರವರಿಯಲ್ಲಿ ಬರುವ ಹೊತ್ತಿಗೆ ವಿಷ್ಣುವರ್ಧನ್ ಇರಲಿಲ್ಲ. 2009ರ ಡಿಸೆಂಬರ್ 30ರಂದು ಹೃದಯಾಘಾತದಿಂದ ಹೋಗಿದ್ದರು. ಎರಡು ಸಾವನ್ನೂ ನಾಗವಲ್ಲಿಯ ಲೆಕ್ಕಕ್ಕೆ ಬರೆದರು. ಟೀವಿಯಲ್ಲಿ ಜ್ಯೋತಿಷಿಗಳು ಕೂತು ಚರ್ಚೆ ಮಾಡಿದರು. ವಿಮಾನ ಯಾಕೆ ಬಿತ್ತು, ಐವತ್ತೊಂಬತ್ತರ ವಯಸ್ಸಿನ ಮನುಷ್ಯನ ಹೃದಯ ಯಾಕೆ ನಿಂತಿತು ಎಂದು ಕೇಳುವ ಕಷ್ಟ ಯಾರಿಗೂ ಬೇಡವಾಯಿತು. ಈ ಗಾಳಿಮಾತನ್ನು ಹುಟ್ಟಿಸಿದ್ದು ಕೇರಿಯಲ್ಲ, ಸ್ಟುಡಿಯೋ. ದೀಪ ಹಾಕಿ, ಮೇಕಪ್ಪು ಮಾಡಿ ಹುಟ್ಟಿಸಿದ್ದು. ಹಳ್ಳಿಯವರು ನಂಬಿದರು ಎಂದು ನಗುವಾಗ ಇದನ್ನು ನೆನಪಿಡಬೇಕು.

ಒಂಟಿ ಮನೆಯ ವಿಚಾರಕ್ಕೆ ಬರೋಣ. ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ನೆಲ ತೊಳೆಯುವ ಹೆಣ್ಣುಮಗಳು ನಮ್ಮನ್ನು ಕೇಳಿದಳು: "ಅಷ್ಟು ದೊಡ್ಡ ಅರಮನೆ, ವರ್ಸಾನುಗಟ್ಲೆ ಬೀಗ ಹಾಕಿತ್ತು ಅಂತೀರಿ. ಇವ್ರು ಬರೋಕ್ ಮುಂಚೆ ಕಸ ಹೊಡ್ದು ತೊಳ್ದೋರ್ ಯಾರಣ್ಣ? ಅವ್ರಿಗ್ಯಾಕೆ ದೆವ್ವ ಹಿಡೀನಿಲ್ಲ?" ಅರಮನೆ, ಬಂಗಲೆ, ಎಸ್ಟೇಟು ಮನೆ ಎಂದರೆ ನಮ್ಮ ಕತೆಗಾರರಿಗೂ ಸಿನಿಮಾದವರಿಗೂ ಬಹಳ ಮೋಹ. ಊರಿಂದ ದೂರ ಇರುವ ಮನೆ ಎಂದರೆ ಭಯ, ರಹಸ್ಯ, ಮನಸ್ಸಿನ ಆಳ. ಊರಿಂದ ದೂರ ಇಟ್ಟ ಕೇರಿಯನ್ನು ಯಾಕೆ ಯಾರೂ ರಹಸ್ಯ ಎನ್ನುವುದಿಲ್ಲ? ಊರಾಚೆ ಇರುವುದನ್ನು ಬೇಕೆಂದು ಆರಿಸಿಕೊಂಡವರಿಗೆ ಅದು ಏಕಾಂತ, ತಲೆಮಾರುಗಳಿಂದ ಆಚೆಗೆ ತಳ್ಳಿಸಿಕೊಂಡವರಿಗೆ ಅದು ಸರ್ವೆ ನಂಬರು.

ನಮ್ಮ ಜಿಲ್ಲೆಯಲ್ಲಿ ನಿಜವಾದ ಒಂಟಿ ಮನೆಯೊಂದು 2023ರ ನವೆಂಬರಿನಲ್ಲಿ ಬಯಲಾಯಿತು. ಅರಮನೆಯಲ್ಲ, ಆಲೆಮನೆ. ಬೆಂಗಳೂರಿನ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಹಿಡಿದಾಗ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಹೇಳುತ್ತಿದ್ದರೆಂಬುದು ಹೊರಬಿತ್ತು. 1994ರಿಂದ ಕಾನೂನು ಇದೆ. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ಕಬ್ಬಿನ ಗಾಡಿಗಳ ನಡುವೆ ಕಾರು ಬಂದು ನಿಂತರೆ ಯಾರು ಕೇಳುತ್ತಾರೆ? 'ಆಪ್ತಮಿತ್ರ' ನೋಡಿ ರಾತ್ರಿ ಹೊರಗೆ ಕಾಲಿಡಲು ಹೆದರುತ್ತಿದ್ದವರನ್ನು ನಾವು ಆಲೆಮನೆಯ ಬಗ್ಗೆಯೂ ಕೇಳಿದೆವು. "ಪೇಪರ್ನಲ್ ಬಂದಿತ್ತಲ್ವಾ" ಎಂದರು. ಮಾತು ಮುಂದಕ್ಕೆ ಹೋಗಲಿಲ್ಲ. ಹಾಗಿದ್ದರೂ ಇದೊಂದು ಕಡೆ ಸಿನಿಮಾವನ್ನು ಬೈದು ಪ್ರಯೋಜನವಿಲ್ಲ. ಆ ಆಲೆಮನೆಗೆ ಹೋದವರು ದೆವ್ವದ ಕೈಹಿಡಿದು ಹೋದವರಲ್ಲ. ಅತ್ತೆಯ ಜೊತೆ, ಗಂಡನ ಜೊತೆ ಹೋದವರು. ಆ ಮನೆಯ ಮನಶ್ಶಾಸ್ತ್ರ ಬರೆಯುವ ಕತೆಗಾರ ಇನ್ನೂ ಹುಟ್ಟಬೇಕಾಗಿದೆ.

ಚಿತ್ರದ ಹೆಸರು 'ಆಪ್ತಮಿತ್ರ'. ರಮೇಶನಿಗೆ ಮನೋವೈದ್ಯನಾದ ಗೆಳೆಯನಿದ್ದ, ಹಾಗಾಗಿ ಗಂಗಾ ಬದುಕಿದಳು. ನಮ್ಮ ಕೇರಿಯ ಗಂಡನಿಗೆ ಅಂಥ ಗೆಳೆಯ ಎಲ್ಲಿಂದ ಬರಬೇಕು? ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಖಾಯಿಲೆ ಇರುವವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರುವುದಿಲ್ಲ. ಖಾಯಿಲೆಯಿಂದ ಖಾಯಿಲೆಗೆ ಲೆಕ್ಕ ಬೇರೆ. ಸಿಗದವರಿಗೆ ಸಿಗುವುದು ಹುಣಸೆ ಬರಲು, ಮೆಣಸಿನಕಾಯಿ ಹೊಗೆ, ಸರಪಣಿ. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ಹುಲ್ಲಿನ ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಣಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 'ಆಪ್ತಮಿತ್ರ' ಬಂದದ್ದು ಅದಾದ ಮೂರೇ ವರ್ಷಕ್ಕೆ. ಮನೋರೋಗದ ಬಗ್ಗೆ ತಿಳುವಳಿಕೆ ಕೊಡುವ ಚಿತ್ರ ಎಂದು ಹೊಗಳಿದ ಪಟ್ಟಣದ ಪ್ರೇಕ್ಷಕರಿಗೆ ಅರಮನೆಯ ಗಂಗಾ ನೆನಪಿನಲ್ಲಿ ಉಳಿದಳು. ಏರವಾಡಿಯ ಆ 28 ಜನರ ಹೆಸರಿಗೆ ಬೊಂಬೆಯೂ ಇಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆಂದು ಸಾರುವ ಕಾನೂನನ್ನು ಕರ್ನಾಟಕ 2017ರಲ್ಲಿ ಮಾಡಿತು, 2020ರಲ್ಲಿ ಜಾರಿಗೆ ತಂದಿತು. ಒಳ್ಳೆಯದೇ. ಹೊಡೆಯಬೇಡ ಎನ್ನುವ ಕಾನೂನು ಬಂತು, ಹೊಡೆಯದೆ ಏನು ಮಾಡಲಿ ಎಂಬುದಕ್ಕೆ ಹಳ್ಳಿಯಲ್ಲಿ ಉತ್ತರ ಬರಬೇಕಲ್ಲ.

ಹಿರಿಯ ಹೆಂಗಸರು ಈ ಮಾತುಕತೆಯ ನಡುವೆ ತಾವಾಗಿಯೇ 'ಶರಪಂಜರ'ವನ್ನು ಎತ್ತಿದರು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ಚಿತ್ರ. ಹೆರಿಗೆಯ ನಂತರ ಬುದ್ಧಿ ಸ್ಥಿಮಿತ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗದಿದ್ದವರು ಮನೆಯವರು. ಗಂಡ ದೂರವಾಗುತ್ತಾನೆ, ಎಲ್ಲರ ಕಣ್ಣಲ್ಲೂ ಅವಳು ಹುಚ್ಚಿಯೇ, ಕೊನೆಗೆ ಮತ್ತೆ ಆಸ್ಪತ್ರೆಯೇ ಗತಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಮೇಲ್ಜಾತಿಯ ಮನೆಯ ಒಳಗನ್ನೇ ಬರೆದರು, ಆ ಮಿತಿ ಅವರಿಗಿತ್ತು. ಆದರೆ ವೈದ್ಯ ಗುಣ ಮಾಡಿದ ಮಾರನೇ ದಿನ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬಿಡಲಿಲ್ಲ. 'ಆಪ್ತಮಿತ್ರ' ಮಾರನೇ ದಿನದ ಮೊದಲೇ ದೀಪ ಹಾಕಿ ಜನರನ್ನು ಮನೆಗೆ ಕಳಿಸುತ್ತದೆ. "ಕಾವೇರಿ ನಮ್ಮಂಗೆ, ನಾಗವಲ್ಲಿ ನಾವ್ ಆಗ್ಬೇಕು ಅನ್ಕಂಡಂಗೆ" ಎಂದು ಅವರಲ್ಲೊಬ್ಬರು ಅಂದರು. ಉಳಿದವರು ನಕ್ಕರು.

ಹತ್ತಿರದ ಹಳ್ಳಿಯೊಂದರಲ್ಲಿ ಬಾಣಂತಿಯೊಬ್ಬಳು ಮಗುವನ್ನು ಮುಟ್ಟದೆ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡತೊಡಗಿದಳು. ಊರು ಹೆಸರು ಬೇಡ. ಗಾಳಿ ಸೋಕಿದೆ ಎಂದರು, ಕೆಲವರು ನಾಗವಲ್ಲಿ ಎಂದೇ ಕರೆದರು. ಬೇವಿನ ಸೊಪ್ಪಾಯಿತು, ಬರಲೂ ಆಯಿತು. ಮೈಮೇಲೆ ಬಾಸುಂಡೆ ಎದ್ದ ಮೇಲೆ ಆಶಾ ಕಾರ್ಯಕರ್ತೆ ಹಾಗೂ ಆ ಶಾಲೆಯ ಮೇಡಂ ಸೇರಿ, ಗಂಡನನ್ನು ಒಪ್ಪಿಸಿ, ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಹುಚ್ಚಿನ ಡಾಕ್ಟರ ಹತ್ತಿರ ಎಂದರೆ ಮರ್ಯಾದೆ ಹೋಗುತ್ತದೆ, ನರದ ಡಾಕ್ಟರು ಎಂದು ಹೇಳಿ ಎಂದು ಅತ್ತೆ ಕೇಳಿಕೊಂಡರಂತೆ. ಹಾಗೇ ಹೇಳಿದರು. ಈಗ ಅವಳು ಮಗುವಿಗೆ ಹಾಲು ಕುಡಿಸುತ್ತಾಳೆ, ಮಾತ್ರೆ ತೆಗೆದುಕೊಳ್ಳುತ್ತಾಳೆ. ಕೊರಳಲ್ಲಿ ತಾಯತವೂ ಇದೆ, ಅದನ್ನು ಬಿಚ್ಚಿಸಲು ಯಾರೂ ಹೋಗಿಲ್ಲ. ಮಾತ್ರೆ ತರಲು ತಿಂಗಳಿಗೊಂದು ಸಲ ಮಂಡ್ಯಕ್ಕೆ ಹೋಗಬೇಕು, ಜೊತೆಗೆ ಹೋಗುವ ಗಂಡನ ಅವತ್ತಿನ ಕೂಲಿ ಹೋಗುತ್ತದೆ. ಕಳೆದ ಸಲ ಹೋಗಿರಲಿಲ್ಲ. ಕಬ್ಬು ಕಡಿಯುವ ಕೆಲಸ ಬಂದಿತ್ತಂತೆ.